ಉತ್ತಯ್ಯನವರ ದವಡೆಯಲ್ಲಿರುವ ಸರ್ಕಾರಿ ಸ್ವತ್ತು

ಮುರಿದ ಸರ್ಕಾರಿ ಉಪಕರಣವನ್ನು, ಅದು ಯಾವ ಕಾರಣಕ್ಕೆ ಮುರಿಯಿತೆಂಬುದನ್ನು ಸಮಿತಿ ಇತ್ಯರ್ಥಪಡಿಸುವ ತನಕ, ಮುರಿದ ಸ್ಥಳದಿಂದ ಕದಲಿಸತಕ್ಕದ್ದಲ್ಲ. ಇದು ಗಡಿ ದಂತಾರೋಗ್ಯ ಘಟಕದ ನಿಯಮ. ಕರಿಕೆಯ ಕೃಷಿಕ ಉತ್ತಯ್ಯನವರ ಮಟ್ಟಿಗೆ ಸದರಿ ಸ್ಥಳವು ಅವರ ಬಲಗಡೆಯ ಕೆಳದವಡೆ ಹಲ್ಲು.

ಘಟಕಕ್ಕೆ ರೂಟ್ ಕೆನಾಲ್ ಸೂಜಿಗಳನ್ನು ಸರಬರಾಜು ಮಾಡುವವನು ನಾನು, ಸುಂಟಿಕೊಪ್ಪದಲ್ಲಿ ಅಂಗಡಿ. ಆ ಸೂಜಿಗಳ ಕ್ರಿಮಿ ಕೊಲ್ಲುವ ಕ್ಲೋರಿನ್ ದ್ರಾವಣವೂ ನನ್ನದೇ. ದ್ರಾವಣದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅದು ಸೂಜಿಯನ್ನು ತಿನ್ನುತ್ತದೆ. ಕ್ಯಾನಿನ ಮೇಲೆಯೇ ಬರೆದಿದೆ: ಸ್ವಲ್ಪ ಹೊತ್ತು ಅದ್ದಿ, ತೊಳೆದು, ಒರೆಸಿಡಿ. ಓದುವುದು ಕೊಂಡವರ ಕೆಲಸ.

ಘಟಕದ ಆಡಳಿತಾಧಿಕಾರಿ ತೀರ್ಥಪ್ರಸಾದ್ ಅವರು ಓದಿದರು, ಆದರೆ ಒಪ್ಪಲಿಲ್ಲ. ‘ಸ್ವಲ್ಪ ಹೊತ್ತಿನಲ್ಲಿ ಸಾಯುವ ಕ್ರಿಮಿಯು ಒಂದು ವಾರದಲ್ಲಿ ಇನ್ನೂ ಚೆನ್ನಾಗಿ ಸಾಯುವುದರಿಂದ, ಸಕಲ ಸೂಜಿಗಳನ್ನು ವಾರವಿಡೀ ನೆನೆಸತಕ್ಕದ್ದು’ ಎಂದು ಸುತ್ತೋಲೆ ಹೊರಡಿಸಿದರು.

ದಂತವೈದ್ಯೆ ಮಾನಸ ಅವರು ಕೆಂಪಗೆ ಚುಕ್ಕೆ ಬಿದ್ದ ಸೂಜಿಯೊಂದನ್ನು ಮೇಜಿನ ಮೇಲಿಟ್ಟರು.

“ಸಾರ್, ತುಕ್ಕು ಹಿಡೀತಿದೆ. ಬೇರಿನೊಳಗೆ ತಿರುಗಿಸುವಾಗ ಮುರಿಯುತ್ತೆ.”

“ಡಾಕ್ಟ್ರೇ, ಕ್ರಿಮಿ ಸತ್ತಿದೆಯೋ ಇಲ್ವೋ?”

“ಸತ್ತಿದೆ.”

“ಮತ್ತೆ?”

ಡಾಕ್ಟರು ನನ್ನ ಕಡೆ ತಿರುಗಿದರು. “ನೀವಾದ್ರೂ ಹೇಳಿ ಸಾಹುಕಾರ್ರೇ.”

“ಎರಡೂ ನನ್ನ ಮಾಲೇ, ಮೇಡಂ. ಒಂದರ ಪರ ಮಾತಾಡಿದ್ರೆ ಇನ್ನೊಂದಕ್ಕೆ ಅನ್ಯಾಯ ಆಗ್ತದೆ” ಎಂದೆ.

ಮರುವಾರ ಉತ್ತಯ್ಯನವರು ಹಲ್ಲುನೋವೆಂದು ಬಂದರು. ಬೇರು ಶುಚಿ ಮಾಡುವಾಗ ಸೂಜಿ ಟಕ್ಕೆಂದಿತು. ಅರ್ಧ ಡಾಕ್ಟರ ಕೈಯಲ್ಲಿ ಉಳಿಯಿತು, ಅರ್ಧ ಹಲ್ಲಿನೊಳಗೆ. ನೋವು ಇದ್ದಲ್ಲೇ ಇತ್ತು.

“ಹಲ್ಲು ಸಮೇತ ಕಿತ್ತು ನೀವೇ ಇಟ್ಕೊಳ್ಳಿ ಮಾರಾಯ್ರೆ. ಎಂತ ಉಂಟು ಅದರಲ್ಲಿ?” ಎಂದರು ಉತ್ತಯ್ಯ, ಕೆನ್ನೆ ಹಿಡಿದುಕೊಂಡು.

“ಕಾರಣ ಇತ್ಯರ್ಥವಾಗಬೇಕು ಉತ್ತಯ್ಯನವರೇ,” ಎಂದರು ತೀರ್ಥಪ್ರಸಾದ್. “ದ್ರಾವಣದಿಂದ ಮುರಿಯಿತೋ, ನೀವು ಕಚ್ಚಿದಿರೋ?”

“ನಾನ್ಯಾಕೆ ಸೂಜಿ ಕಚ್ಚಲಿ? ನಮ್ಮ ಮನೇಲಿ ಊಟಕ್ಕೆ ಬೇರೆ ಉಂಟು.”

ಸಮಿತಿ ರಚನೆಯಾಯಿತು. ಸಮಿತಿ ಸೇರುವಷ್ಟರಲ್ಲಿ ಉತ್ತಯ್ಯನವರು ಗಡಿಯಾಚೆ ಕೇರಳದ ಡಾಕ್ಟರಲ್ಲಿ ಹಲ್ಲು ಕೀಳಿಸಲು ಹೊರಟ ಸುದ್ದಿ ಬಂತು. ಕೂಡಲೇ ಪ್ರಕಟಣೆ ಹೊರಬಿತ್ತು: ‘ಸರ್ಕಾರಿ ಸ್ವತ್ತನ್ನು ಬಾಯಲ್ಲಿರಿಸಿಕೊಂಡು ಅನ್ಯ ರಾಜ್ಯ ಪ್ರವೇಶಿಸುವುದನ್ನು ನಿಷೇಧಿಸಲಾಗಿದೆ. ಸದರಿ ಸ್ವತ್ತು ಇಲಾಖೆಯ ವಾಹನದಲ್ಲಿ ಮಾತ್ರ ಸಂಚರಿಸತಕ್ಕದ್ದು.’ ಗಡಿಯ ಗೇಟಿನಲ್ಲಿ ಅವರನ್ನು ತಡೆದು, ಬಾಯಿ ತೆರೆಸಿ, ಟಾರ್ಚ್ ಬಿಟ್ಟು ನೋಡಿ, ಗೌರವದಿಂದ ವಾಪಸು ಕಳಿಸಿದರು.

ಹೀಗಾಗಿ ಪ್ರತಿ ಸೋಮವಾರ ಕರಿಕೆಗೆ ಜೀಪು ಬರತೊಡಗಿತು. ಉತ್ತಯ್ಯನವರನ್ನು ಕೂರಿಸಿಕೊಂಡು ಮಡಿಕೇರಿಯ ಘಟಕಕ್ಕೆ ಹೋಗಿ, ಒಳಗಿನ ತುಂಡು ಸವೆದಿದೆಯೇ ಎಂದು ಹಲ್ಲಿನ ಎಕ್ಸ್‌ರೇ ತೆಗೆಸಿ, ಸಂಜೆ ಮನೆಗೆ ಬಿಡುವುದು. ಘಟಕದ ತಟ್ಟೆಯಲ್ಲಿ ನೆನೆದ ಸೂಜಿಗಳನ್ನೂ ಅದೇ ದಿನ ಬಗ್ಗಿಸಿ ನೋಡುವುದು. ತಟ್ಟೆಯವು ಒಂದೊಂದಾಗಿ ಮುರಿದವು. ನಾನು ಹೊಸವನ್ನು ಕೊಟ್ಟೆ. ಅವೂ ಮುರಿದವು. ಉತ್ತಯ್ಯನವರ ಹಲ್ಲಿನ ತುಂಡು ಮಾತ್ರ ಇದ್ದ ಹಾಗೇ ಇತ್ತು.

ಸಮಿತಿಯ ವರದಿ ಸ್ಪಷ್ಟವಾಗಿತ್ತು: ‘ದ್ರಾವಣದಲ್ಲಿಟ್ಟ ಸೂಜಿಗಿಂತ ಕೃಷಿಕರ ಬಾಯಲ್ಲಿಟ್ಟ ಸೂಜಿ ಹೆಚ್ಚು ಬಾಳಿಕೆ ಬರುತ್ತದೆ. ದ್ರಾವಣದ ದೋಷ ಕಂಡುಬಂದಿಲ್ಲ. ತಟ್ಟೆಗಳ ಗುಣಮಟ್ಟ ಕಳಪೆ. ಬಾಯಿಯ ಮಾದರಿಯನ್ನು ಮುಂದಿನ ಅಧ್ಯಯನಕ್ಕಾಗಿ ಕಾಯ್ದಿರಿಸುವುದು.’ ತಟ್ಟೆಗಳೂ ನನ್ನವೇ ಆಗಿದ್ದವು. ಇನ್ನೂ ಒಳ್ಳೆಯವು ನನ್ನಲ್ಲಿವೆ ಎಂದು ತಿಳಿಸಿದೆ.

ಡಾಕ್ಟರ್ ಮಾನಸ ಅವರಿಗೆ ಮಾತ್ರ ತಡೆಯಲಾಗಲಿಲ್ಲ. ಒಂದು ಸೋಮವಾರ ಬಾಗಿಲು ಹಾಕಿ, ಇಕ್ಕಳ ಎತ್ತಿಕೊಂಡರು.

“ಉತ್ತಯ್ಯನವರೇ, ಬಾಯಿ ತೆಗೀರಿ. ಎಳೆದು ಬಿಡ್ತೀನಿ. ನನ್ನನ್ನ ಅಮಾನತು ಮಾಡಿದ್ರೆ ಮಾಡ್ಲಿ.”

ಉತ್ತಯ್ಯನವರ ಕಣ್ಣಲ್ಲಿ ನೀರು ಬಂತು. ಬಾಯಿ ತೆರೆದರು. ಅಷ್ಟರಲ್ಲಿ ಅವರ ಹೆಂಡತಿ ಸರೋಜಮ್ಮ ಬಾಗಿಲು ದೂಡಿಕೊಂಡು ಒಳಬಂದರು. ಅವರ ಹಿಂದೆ, ಅದೇ ಜೀಪಿನಲ್ಲಿ ಬಂದ ಕರಿಕೆಯವರೆಲ್ಲ: ಕಾಳುಮೆಣಸಿನ ಚೀಲದವರು, ಪೆನ್ಷನ್ನಿನ ಕಾಗದದವರು, ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದವಳೊಬ್ಬಳು.

“ಇಡಿ ಡಾಕ್ಟ್ರೇ ಅದನ್ನ ಕೆಳಗೆ!” ಎಂದರು ಸರೋಜಮ್ಮ. “ಬಸ್ಸು ಬೇಕೂಂತ ಎಷ್ಟು ವರ್ಷ ಅರ್ಜಿ ಕೊಟ್ಟೆವು. ಒಂದು ಹಲ್ಲು ಕೆಟ್ಟ ಮೇಲೆ ಜೀಪು ಬಂತು. ಇದನ್ನೂ ಕಿತ್ತು ಹಾಕ್ತೀರಾ?”

“ನಂಗೆ ನೋವು ಸರೋಜ...”

“ನೋವು ನಿಮ್ಗೆ ಒಬ್ರಿಗೆ. ಜೀಪು ಊರಿಗೆ.”

ಡಾಕ್ಟರು ಇಕ್ಕಳ ಹಿಡಿದುಕೊಂಡೇ ಉತ್ತಯ್ಯನವರ ಮುಖ ನೋಡಿದರು. ಉತ್ತಯ್ಯನವರು ಊರವರ ಮುಖ ನೋಡಿದರು. ಆಮೇಲೆ ಎಡಗೆನ್ನೆಯನ್ನು ಬೆರಳಿನಿಂದ ಎಳೆದು ತೋರಿಸಿದರು.

“ಈಚೆ ಕಡೆಯದೂ ಸ್ವಲ್ಪ ಜುಂ ಅಂತದೆ ಡಾಕ್ಟ್ರೇ. ಅಲ್ಲೂ ಒಂದು ಮುರೀರಿ. ಗುರುವಾರಕ್ಕೂ ಜೀಪು ಬರ್ಲಿ.”