ಪಚ್ಚೆತೆನೆ ಕದಿಯುವ ಕ್ರಮ

ಇದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಹೇಳಿ ಹೇಳಿ ನಡೆಸಿದ್ದು ಎಂಬುದು ನನಗೇ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿತೆ. ಅನುಮಾನಿಸಲು ಬೇರೇನೂ ಉಳಿಯದೆ ಈಗ ನನ್ನ ನೆನಪಿನ ಮೇಲೇ ಬಿದ್ದಿದ್ದೇನೆ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ದಬ್ಬೇಘಟ್ಟದ ಆಸುಪಾಸಿನ ಮರ್ಯಾದಸ್ಥ ಹೆಂಗಸರಿಗೆಲ್ಲ ಕಳ್ಳತನ ಕಲಿಸಿದವಳು ನನ್ನ ದೊಡ್ಡಮ್ಮ, ನನ್ನ ತಾಯಿಯ ಅಕ್ಕ!

ಕದಿಯಬೇಕಾದದ್ದು ಚಿನ್ನವಲ್ಲ, ಪಚ್ಚೆತೆನೆ. ಮಲ್ಲಿಗೆ ದಂಡೆಯ ನಡುವೆ ಸೇರಿಸಿ ಕಟ್ಟುತ್ತಾರಲ್ಲ, ಒಣಗಿದಷ್ಟೂ ಘಮ ಏರುತ್ತದೆಂದು ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಡುತ್ತಾರಲ್ಲ, ಅದೇ. ದೊಡ್ಡಮ್ಮನ ಹಿತ್ತಲಿನ ತೆಂಗಿನ ನೆರಳಲ್ಲಿ, ಬಚ್ಚಲ ನೀರು ಕುಡಿದು, ಅದು ಸೊಂಟದೆತ್ತರ ಬೆಳೆದಿತ್ತು. ಕೇಳಿ ತಂದ ಪಚ್ಚೆತೆನೆ ಬೇರು ಬಿಡುವುದಿಲ್ಲ, ಕದ್ದು ತಂದದ್ದೇ ಚಿಗುರುವುದು ಎಂದು ನಮ್ಮ ಕಡೆ ನಂಬುತ್ತಾರೆ. ಉಳಿದವರಿಗೆ ಅದು ನಂಬಿಕೆ, ದೊಡ್ಡಮ್ಮನಿಗೆ ಕಾನೂನು. ಮನೆಯೊಡತಿ ಬೆನ್ನು ತಿರುಗಿಸಿರಬೇಕು. ಕದಿಯುವವಳು ಮಾತಾಡದೆ ಕುಡಿ ಮುರಿಯಬೇಕು, ಹೊರಡುವಾಗ ‘ಬತ್ತೀನಿ’ ಎನ್ನಬಾರದು. ಆಮೇಲೆ ಮನೆಯೊಡತಿ ಬಾಗಿಲಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಬೈಯಬೇಕು. ಬೈಗುಳ ಜೋರಾದಷ್ಟೂ ಗಿಡ ಸೊಂಪು!

ಊರಿಗೆ ಹೊಸದಾಗಿ ಬಂದ ಶಾಲೆಯ ಮೇಡಂಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನೇರವಾಗಿ ಕೇಳಿಯೇಬಿಟ್ಟರು.

“ಕೊಡಕ್ಕಿಲ್ಲ ಕಣ್ರೀ,” ಎಂದಳು ದೊಡ್ಡಮ್ಮ. “ಒಂದೆಲೆನೂ ಕೊಡಕ್ಕಿಲ್ಲ. ನಾನೀಗ ಒಳಗೋಗಿ ಮಜ್ಜಿಗೆ ಕಡೀತೀನಿ. ಬರೋದು ಬಾಳ ಹೊತ್ತಾಯ್ತದೆ.”

ಪಾಪ, ಮೇಡಂ ಜಗುಲಿಯ ಮೇಲೆ ಮಜ್ಜಿಗೆಗಾಗಿ ಕಾದು ಕೂತರು! ಕುಡಿದು, ಕೈಮುಗಿದು, ಬರಿಗೈಯಲ್ಲಿ ಹೋದರು. ದೊಡ್ಡಮ್ಮನಿಗೆ ತಡೆಯಲಾಗದ ಸಂಕಟ. “ಅಷ್ಟು ಓದವ್ರೆ, ಒಂದು ಕುಡಿ ಕದಿಯಾಕೆ ಬರಾಕಿಲ್ಲ. ಮಕ್ಳಿಗೆ ಇನ್ನೇನು ಕಲಿಸ್ತಾರೋ!”

ನಾನು ಸುಮ್ಮನಿರಬಹುದಿತ್ತು. “ಗಿಡಕ್ಕೆ ಕಿವಿ ಇಲ್ಲ ದೊಡ್ಡಮ್ಮ. ಕೇಳಿದ್ರೋ ಕದ್ರೋ ಅದಕ್ಕೆ ಹೆಂಗೆ ಗೊತ್ತಾಗುತ್ತೆ?” ಎಂದೆ.

“ನಿಂಗೆ ಎರಡು ಕಿವಿ ಅವೆ. ನಿಂಗೇನು ಗೊತ್ತಾಗ್ತೈತೆ?” ಎಂದಳು.

ಆ ಗಿಡ ದೊಡ್ಡಮ್ಮನಿಗೆ ಬಂದದ್ದೂ ಹಾಗೆಯೇ. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ, ಕಿಬ್ಬನಹಳ್ಳಿಯ ತವರಿನ ಹಿತ್ತಲಲ್ಲಿ ಕುಡಿ ಮುರಿದು ಮಡಿಲಕ್ಕಿಯೊಳಗೆ ಬಚ್ಚಿಟ್ಟುಕೊಂಡಳಂತೆ. “ಅವ್ವ ಗ್ವಾಡೆ ಕಡೆ ತಿರುಗಿ ನಿಂತ್ಲು. ಎಲ್ರೂ ಅಳ್ತಾವ್ಳೆ ಅಂದ್ಕೊಂಡ್ರು. ನಾನು ಕದೀಲಿ ಅಂತ ಬೆನ್ನು ತಿರುಗಿಸಿದ್ಲು ಕಣ್ಲಾ. ಆಮೇಲೆ ಗಾಡಿ ಊರು ದಾಟೋಗಂಟ ಬೈದ್ಲು. ಬೀಗ್ರೆಲ್ಲ ಬೆಪ್ಪಾಗೋದ್ರು!”

ಈಗ ಅಜ್ಜಿ ಇಲ್ಲ. ಆ ಹಿತ್ತಲ ಮೇಲೆ ಹೆದ್ದಾರಿ ಹೋಗಿದೆ. ಬಸ್ಸು ಆ ಜಾಗಕ್ಕೆ ಬಂತೆಂದರೆ ದೊಡ್ಡಮ್ಮ, “ಕಾಲೆತ್ಕಳ್ಲಾ, ಅವ್ವನ ಹಿತ್ಲು!” ಎಂದು ಕೂಗುತ್ತಿದ್ದಳು. ನಾನು ಎತ್ತುತ್ತಿದ್ದೆ. ಹಾವಿರಬಹುದೆಂದು ಪಕ್ಕದ ಸೀಟಿನವರೂ ಎತ್ತುತ್ತಿದ್ದರು. ಇದನ್ನು ನಾನು ಕಂಡದ್ದೋ, ತಂಗಿ ಹೇಳಿದ್ದೋ? ಈಗ ತಿಳಿಯುತ್ತಿಲ್ಲ.

ಹೀಗಿರುವಾಗ ಒಂದು ದಿನ ದೊಡ್ಡಪ್ಪ ಒಂದು ಟ್ರ್ಯಾಕ್ಟರ್ ತೆಂಗಿನಮಟ್ಟೆಯನ್ನು ಸರಿಯಾಗಿ ಪಚ್ಚೆತೆನೆಯ ಮೇಲೇ ಸುರಿಸಿದರು. “ಕಾಣ್ಲಿಲ್ಲ ಕಣೇ,” ಎಂದರು. ಮಟ್ಟೆ ಎತ್ತಿಸುವಷ್ಟರಲ್ಲಿ ಗಿಡ ಕೊಳೆತಿತ್ತು. ಆಮೇಲೆ ಎಷ್ಟೋ ದಿನ ದೊಡ್ಡಪ್ಪನ ತಟ್ಟೆಗೆ ಮುದ್ದೆ ಬಂತು, ಸಾರು ಬಂತು, ಮಾತು ಮಾತ್ರ ಬರಲಿಲ್ಲ.

ಕದ್ದವರ ಮನೆಗಳಲ್ಲಾದರೂ ಇರಬೇಕಲ್ಲ? ಒಬ್ಬರ ಹಿತ್ತಲಿಗೆ ಸಿಮೆಂಟು ಬಿದ್ದಿತ್ತು, ಇನ್ನೊಬ್ಬರದು ಬೇಸಿಗೆಗೆ ಒಣಗಿತ್ತು. ನಾನು ಜಾಣತನ ಮಾಡಿ ಬೆಂಗಳೂರಿನ ನರ್ಸರಿಯಿಂದ ಕುಂಡದ ಸಮೇತ ಒಂದು ಪಚ್ಚೆತೆನೆ ತಂದುಕೊಟ್ಟೆ. ದೊಡ್ಡಮ್ಮ ಎಲೆ ಉಜ್ಜಿ ಮೂಸಿದಳು. “ಚೆನ್ನಾಗೈತೆ,” ಎಂದಳು. ಕುಂಡವನ್ನು ಜಗುಲಿಯ ಮೂಲೆಗಿಟ್ಟು, “ಆದ್ರೆ ಇದು ಯಾರೋ ಕಣ್ಲಾ,” ಎಂದಳು.

ಉಳಿದಿದ್ದದ್ದು ಒಂದೇ ಮನೆ, ಹಂದನಕೆರೆಯ ಬೀಗಿತ್ತಿಯದು, ಅಂದರೆ ದೊಡ್ಡಮ್ಮನ ಮಗಳ ಅತ್ತೆಯದು. ಹೆಣ್ಣು ನೋಡಲು ಬಂದ ದಿನವೇ ಆ ಮಹಾತಾಯಿ ಒಂದು ಕುಡಿ ಹಾರಿಸಿದ್ದಳು. ಬೀಗರ ಮನೆಯಲ್ಲಿ ಕಳ್ಳತನ! ಮರ್ಯಾದೆಯ ಪ್ರಶ್ನೆ! ಆದರೂ ಹೊರಟೆವು.

ಊಟ ಹಾಕಿದ ಬೀಗಿತ್ತಿ, “ಅಕ್ಕಾ, ಒಂದು ಗಳಿಗೆ ಮನಿಕ್ಕತೀನಿ. ನಂಗೆ ನಿದ್ದೆ ಬಂದ್ರೆ ಮನೆ ಬಿದ್ರೂ ಎಚ್ಚರ ಆಗಕ್ಕಿಲ್ಲ,” ಎಂದು ನನ್ನತ್ತ ಒಮ್ಮೆ ನೋಡಿ, ಗೋಡೆಗೆ ಮುಖ ಮಾಡಿ ಮಲಗಿದಳು. ತಲೆ ನೆಲಕ್ಕೆ ತಾಗುವ ಮೊದಲೇ ಗೊರಕೆ ಶುರುವಾಯಿತು!

ಹಿತ್ತಲಲ್ಲಿ ಪಚ್ಚೆತೆನೆ ಕಂಡದ್ದೇ ಊರಿಗೆಲ್ಲ ಕಳ್ಳತನ ಕಲಿಸಿದ ಗುರು ಎರಡು ಹೆಜ್ಜೆ ಹಿಂದೆ ಸರಿದಳು. “ನೀನೇ ಮುರಿಲಾ.”

“ಆಗಲ್ಲ, ನೀನೇ ಮುರಿ. ನಾನು ಮುರಿದ್ರೆ ಬೇರು ಬಿಡೋದು ನನ್ನ ಹಿತ್ತಲಲ್ಲಿ. ನಂಗೆ ಹಿತ್ತಲೇ ಇಲ್ಲ,” ಎಂದೆ. ಅವಳ ಕಾನೂನಿನಲ್ಲೇ ಅವಳನ್ನು ಕಟ್ಟಿಹಾಕಿದ್ದು ಅದೊಂದೇ ಸಲ.

ಮುರಿದು ಸೆರಗಿಗೆ ಸೇರಿಸಿದಳು. ಮಾತಿಲ್ಲದೆ ಬೀದಿಗಿಳಿದೆವು. ಹಿಂದಿನಿಂದ ಸದ್ದಿಲ್ಲ. ದೊಡ್ಡಮ್ಮನ ನಡಿಗೆ ನಿಧಾನವಾಯಿತು, ಮುಖ ಬಾಡಿತು. ಬೀಗಿತ್ತಿ ಬೀಗಿತ್ತಿಯನ್ನು ಬೈಯುವುದುಂಟೇ? ಬೈಯದಿದ್ದರೆ ಗಿಡ ಬರುವುದುಂಟೇ? ಬೀದಿಯ ತಿರುವಿನಲ್ಲಿ ನಿಂತೇಬಿಟ್ಟಳು. “ಬುಡು, ಬರಾಕಿಲ್ಲ ಅದು. ಅವ್ವಂದು ಇಷ್ಟೇ ಋಣ.”

ಆಗ ಬಾಗಿಲು ದಡಾರೆಂದಿತು. “ಯಾರ್ರೀ ಅದು, ನನ್ ಪಚ್ಚೆ ಮುರಿದೋರು! ನಿಮ್ಮ ಕೈಗೆ ಕಜ್ಜಿ ಬರ್ಲಿ ಕಣ್ರೀ! ನಿಮ್ಮ ವಂಶಕ್ಕೆಲ್ಲ ಬರ್ಲಿ ಕಣ್ರೀ!”

ಇಷ್ಟು ಮರ್ಯಾದೆಯ ಶಾಪವನ್ನು ನಾನು ಕೇಳಿರಲಿಲ್ಲ. ಆ ವಂಶದಲ್ಲಿ ಸ್ವಂತ ಸೊಸೆ, ಮೊಮ್ಮಕ್ಕಳೂ ಸೇರುತ್ತಾರೆಂಬುದನ್ನೂ ಆಕೆ ಲೆಕ್ಕಿಸಲಿಲ್ಲ! ದೊಡ್ಡಮ್ಮ ನಡುಬೀದಿಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬೈದ್ಲು ಕಣ್ಲಾ,” ಎಂದಳು, ಯಾರೋ ತಲೆಯ ಮೇಲೆ ಕೈಯಿಟ್ಟು ಹರಸಿದಂತೆ.

ಕುಡಿ ಬೇರು ಬಿಟ್ಟಿತು. ಬೈಗುಳದಿಂದ ಎಂದು ನಾನು ಈಗಲೂ ಒಪ್ಪಿಲ್ಲ. ಗೊರಕೆ ಅಷ್ಟು ಜೋರಾಗಿತ್ತೇ, ಆ ಶಾಪದಲ್ಲಿ ಅಷ್ಟೊಂದು ‘ಕಣ್ರೀ’ ಇದ್ದವೇ ಎಂದು ಕೇಳಿದರೆ ಆಣೆ ಇಡಲಾರೆ. ಒಂದನ್ನು ಮಾತ್ರ ತೋಟಗಾರಿಕೆ ಓದಿದ ಗೆಳೆಯನನ್ನು ಕೇಳಿ ಖಚಿತಪಡಿಸಿಕೊಂಡೆ. ಪಚ್ಚೆತೆನೆಯನ್ನು ನಮ್ಮ ಕಡೆ ಬೀಜ ಬಿತ್ತಿ ಬೆಳೆಸುವುದಿಲ್ಲ. ಮುರಿದು ನೆಟ್ಟ ಕುಡಿಯಿಂದಲೇ ಅದು ಮುಂದುವರಿಯುತ್ತದೆ. ಹಾಗಾಗಿ ದೊಡ್ಡಮ್ಮನ ಬಚ್ಚಲ ಪಕ್ಕದಲ್ಲಿ ಈಗ ನಿಂತಿರುವುದು ಅಜ್ಜಿಯ ಗಿಡದ ಮಗಳೂ ಅಲ್ಲ, ಮೊಮ್ಮಗಳೂ ಅಲ್ಲ. ಅಜ್ಜಿ ನೆಟ್ಟ ಅದೇ ಗಿಡ.