ಮೇಷ್ಟ್ರು ಇಂಗ್ಲೆಂಡಿನಿಂದ ಹಂದನಕೆರೆಗೆ ಬಂದದ್ದು

ತಿಪಟೂರಿನ ನಮ್ಮ ಬೀದಿಯಲ್ಲಿ ಸಂಜೆ ಹಾಲು ತರಲು ಹೊರಟವರು ಇಂಗ್ಲೆಂಡಿಗೆ ಹೋಗಿ ಬರುತ್ತಿದ್ದರು. ಪಾಸ್‌ಪೋರ್ಟ್ ಬೇಕಿರಲಿಲ್ಲ, ಪಕ್ಕದ ಮನೆಯ ಮೇಷ್ಟ್ರು ಜಗಲಿಯಲ್ಲಿದ್ದರೆ ಸಾಕಿತ್ತು. ಸಾವಿರದ ಒಂಬೈನೂರ ಎಂಬತ್ತರ ಸುಮಾರಿನ ಮಾತು. ಅವರು ನಿವೃತ್ತ ಚರಿತ್ರೆ ಮೇಷ್ಟ್ರು, ಮೆಥಡಿಸ್ಟ್ ಪಂಥದ ಕ್ರೈಸ್ತರು. ಆ ಪಂಥದ ದೈವಚಿಂತನೆ ಬೆಳೆದ ಬಗೆಯನ್ನು ಊರಿಗೆಲ್ಲ ತಿಳಿಸಿಯೇ ಸಿದ್ಧವೆಂದು ಪಣ ತೊಟ್ಟಿದ್ದರು. ಅವರ ಪಂಥದವರು ಊರಲ್ಲಿ ಬೆರಳೆಣಿಕೆ. ಹಾಗಾಗಿ ಕೇಳುವ ಭಾಗ್ಯ ವಿಭೂತಿ ಹಚ್ಚುವ ನಮಗೆ ಬಂತು.

ಕತೆ ಶುರುವಾಗುತ್ತಿದ್ದದ್ದು ಇಂಗ್ಲೆಂಡಿನ ಒಂದು ಕಾಲೇಜಿನಿಂದ. ಅಲ್ಲಿ ಕೆಲವು ಹುಡುಗರು ಗಂಟೆ ನೋಡಿ ಪ್ರಾರ್ಥಿಸುತ್ತಿದ್ದರಂತೆ, ಜೈಲಿಗೆ ಹೋಗಿ ಕೈದಿಗಳ ಕಷ್ಟಸುಖ ವಿಚಾರಿಸುತ್ತಿದ್ದರಂತೆ. ಜೊತೆಯವರು ‘ಮೆಥಡ್ಡಿನವರು’ ಎಂದು ಗೇಲಿ ಮಾಡಿದರು, ಗೇಲಿಯೇ ಹೆಸರಾಯಿತು. ಆಮೇಲೆ ಬಯಲಿಗಿಳಿದು ಗಣಿ ಕೂಲಿಗಳಿಗೆ ಬೋಧನೆ.

“ದೇವರ ಕೃಪೆ ಆರಿಸಿದ ಕೆಲವರಿಗಲ್ಲ ಕಣ್ರೀ, ಎಲ್ಲರಿಗೂ. ನಾವು ಕರೆಯೋಕೆ ಮುಂಚೇನೇ ಅದು ಬಂದು ಬಾಗಿಲಲ್ಲಿ ನಿಂತಿರ್ತದೆ.”

“ಥೇಟ್ ನಿಮ್ಮಂಗೆ,” ಎಂದರು ಅಪ್ಪ.

ಅಪ್ಪನದು ಕೊಬ್ಬರಿ ಮಂಡಿ. ಕಾಲೇಜು ಮುಗಿಸಿ ನಾನೂ ಅಲ್ಲೇ ಕೂರುತ್ತಿದ್ದೆ.

ಮೇಷ್ಟ್ರ ಪ್ರಕಾರ ಭಕ್ತಿ ಕೈಕಾಲಿಗೆ ಇಳಿಯದಿದ್ದರೆ ಅದು ಬರೀ ಗಂಟಲ ವ್ಯಾಯಾಮ. ಬೀದಿಯ ಕೊನೆಯ ಅಜ್ಜಿಗೆ ಜ್ವರ ಬಂದಾಗ ಅವರೇ ಹೋಗಿ ಗಂಜಿ ಕಾಯಿಸಿದರು. ಗಂಜಿ ಬೇಯುವವರೆಗೆ ಅಜ್ಜಿಗೆ ಹದಿನೆಂಟನೇ ಶತಮಾನವನ್ನೂ ಬೋಧಿಸಿದರು. ಜ್ವರ ಬಿಟ್ಟಿತು. ಬಿಡದೆ ಏನು ಮಾಡೀತು? ಅದೂ ಕೂತು ಕೇಳಬೇಕಿತ್ತಲ್ಲ!

ಒಂದು ಭಾನುವಾರ ಪಾಠದ ನಡುವೆ ಅಪ್ಪ ಇದ್ದಕ್ಕಿದ್ದಂತೆ ಹೇಳಿದರು: “ನಮ್ಮಣ್ಣಂಗೆ ಕಣ್ಣು ಕಾಣಾಕಿಲ್ವಂತೆ ಕಣ್ರೀ. ಹೋಗಿ ನೋಡಾಣ ಅಂದ್ರೆ ಮುಖ ಇಲ್ಲ.”

ಹಂದನಕೆರೆಯ ದೊಡ್ಡಪ್ಪನಿಗೂ ಅಪ್ಪನಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಮದುವೆಯೊಂದರಲ್ಲಿ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಮೊದಲ ಪಂಕ್ತಿಗೆ ಕರೆದದ್ದೇ ಕಾರಣ. ಯಾರನ್ನು ಬಿಟ್ಟಿದ್ದರೆಂದು ಕೇಳಿದರೆ ಇಬ್ಬರೂ ‘ನನ್ನನ್ನೇ’ ಎನ್ನುತ್ತಿದ್ದರು.

ಮೇಷ್ಟ್ರು ಎದ್ದು ನಿಂತರು. “ನಡೀರಿ, ಹಂದನಕೆರೆ ಬಸ್ಸಿದೆ.”

“ಹೋಗಿ ಏನಂತ ಮಾತಾಡ್ಲಿ?”

“ಮಾತು ನಾನಾಡ್ತೀನಿ ಬುಡ್ರಿ.”

“ಅದೇ ನನಗೆ ಭಯ,” ಎನ್ನುತ್ತಲೇ ಅಪ್ಪ ಚಪ್ಪಲಿ ಮೆಟ್ಟಿದರು. ಜೊತೆಗೆ ನಾನೂ ಹೊರಟೆ.

ದೊಡ್ಡಪ್ಪ ದನಿಯಲ್ಲೇ ಗುರುತು ಹಿಡಿದು ನಮ್ಮನ್ನು ಒಳಗೆ ಕರೆದು ಕೂರಿಸಿ, ಗೋಡೆಯ ಕಡೆ ಮುಖ ಮಾಡಿ ಕೂತರು. ಅಪ್ಪ ಇನ್ನೊಂದು ಗೋಡೆ ನೋಡಿದರು. ಆ ಮೌನಕ್ಕೆ ಮೇಷ್ಟ್ರೇ ಗಾಬರಿಯಾದರು. ಗಾಬರಿಯಾದರೆ ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ. “ಇಂಗ್ಲೆಂಡಿನಲ್ಲಿ ಒಂದು ಕಾಲೇಜು...” ಎಂದು ಶುರು ಮಾಡಿಬಿಟ್ಟರು.

ಕೈದಿಗಳಾದರು, ಗಣಿಯಾಯಿತು, ಕೃಪೆಯ ಮೊದಲ ಹಂತ ಮುಗಿದು ಎರಡನೆಯದು ಬಂತು. ದೊಡ್ಡಪ್ಪ ಮೆಲ್ಲಗೆ ಅಪ್ಪನ ಕಡೆ ವಾಲಿದರು.

“ಯಾರ್ಲಾ ಇವ್ನು? ಯಾವಾಗ ನಿಲ್ಲುಸ್ತಾನೆ?”

“ನಿಲ್ಸಾಕಿಲ್ಲ ಕಣಣ್ಣ. ನಮಗೆ ದಿನಾ ಇದೇ ಪಾಡು.”

ದೊಡ್ಡಪ್ಪನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೈಚಾಚಿ, ತಡಕಾಡಿ, ಅಪ್ಪನ ಭುಜ ಹಿಡಿದರು. “ಸಣ್ಣಗಾಗಿದೀಯಲ್ಲೋ,” ಎಂದರು. ಅಪ್ಪ ಆ ಕೈಯನ್ನು ಬಿಡಲಿಲ್ಲ.

ಇಂಗ್ಲೆಂಡು ಯಾವಾಗ ನಿಂತಿತೋ ತಿಳಿಯಲಿಲ್ಲ. ತಿರುಗಿ ನೋಡಿದರೆ ಮೇಷ್ಟ್ರ ಜಾಗ ಖಾಲಿ. ಹೊರಗೆ ಬಂದೆ. ಜಗಲಿಯ ತುದಿಯಲ್ಲಿ ಕೂತು ಪಂಚೆಯ ಅಂಚಿನಿಂದ ಕನ್ನಡಕ ಒರೆಸುತ್ತಿದ್ದರು.

“ಯಾಕೆ ಸಾರ್, ಅರ್ಧಕ್ಕೇ ಎದ್ದುಬಂದ್ರಿ?”

“ಶ್... ಒಳಗೆ ಮಾತು ನಡೀತಿದೆ ಕಣಪ್ಪ,” ಎಂದು, ನನಗೆ ಕೂರಲು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.