ಖಾಲೂ ಹೇಳಿದ ರ‍್ಯಾಲಿ ಚರಿತ್ರೆ

ಐರ್ಲೆಂಡಿನ ಹಳ್ಳಿ ರಸ್ತೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಒಂದು ಕಾರ್ ರ‍್ಯಾಲಿಯ ಪ್ರತಿ ತಿರುವೂ ನಮ್ಮ ಖಾಲೂಗೆ ಗೊತ್ತು. ಯಾವ ಸೇತುವೆಯ ಮೇಲೆ ಕಾರು ನಾಲ್ಕೂ ಚಕ್ರ ಎತ್ತಿ ಹಾರುತ್ತದೆ, ಯಾವ ಕಲ್ಲುಗೋಡೆ ಎಷ್ಟೆಷ್ಟು ಬಂಪರ್ ನುಂಗಿದೆ, ಯಾವ ಹೊಲದ ಕುರಿಗಳು ಎಂಥ ಸದ್ದಿಗೂ ತಲೆ ಎತ್ತುವುದಿಲ್ಲ, ಎಲ್ಲವೂ ನಾಲಿಗೆಯ ತುದಿಯಲ್ಲಿದೆ. ಕೊರತೆ ಒಂದೇ. ಅವರು ಯಾವತ್ತೂ ಆ ರ‍್ಯಾಲಿಯಲ್ಲಿ ಕಾರು ಓಡಿಸಿಲ್ಲ. ಓಡಿಸಿದ್ದರೆ ಇವತ್ತಿಗೂ ಅರ್ಧ ದಾರಿಯಲ್ಲೇ ಇರುತ್ತಿದ್ದರು!

ಖಾಲಾ ನನ್ನ ಅಮ್ಮನ ತಂಗಿ, ಹರಿಹರದವಳು. ಆಕೆಯ ಗಂಡ ಖಾಲೂ, ಬೆಂಗಳೂರಿನವರು. ಇಬ್ಬರೂ ಇರುವುದು ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್‌ನಲ್ಲಿ. ಅಲ್ಲಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಯಾವ ಲಾರಿ ಯಾವ ಊರನ್ನು ಎಷ್ಟು ಹೊತ್ತಿಗೆ ಮುಟ್ಟಬೇಕೆಂದು ಗೊತ್ತುಮಾಡುವುದು ಖಾಲೂ ಕೆಲಸ. ಅವರು ಕಳಿಸಿದ ಲಾರಿಗಳು ಪೋಲೆಂಡಿನಲ್ಲೂ ಹೊತ್ತಿಗೆ ಸರಿಯಾಗಿ ನಿಲ್ಲುತ್ತವಂತೆ. ಅವರು ಮಾತ್ರ ಯಾವ ದಾವತ್ತಿಗೂ ಬಿರಿಯಾನಿಯ ತಳ ಕಾಣುವ ಮೊದಲು ತಲುಪಿದ್ದಿಲ್ಲ.

ಅದಕ್ಕೆ ಕಾರಣ ಅವರ ಡ್ರೈವಿಂಗ್. ನಾನು ಅದೇ ದೇಶದ ಲೈಡನ್‌ಗೆ ಸಂಶೋಧನೆಗೆಂದು ಬಂದ ಹೊಸತರಲ್ಲಿ, ಈದ್‌ಗೆ ಕರೆದೊಯ್ಯಲು ತಾವೇ ಕಾರು ತಂದರು. ಹೆದ್ದಾರಿಯಲ್ಲಿ ಎಲ್ಲರೂ ನೂರ ಮೂವತ್ತರಲ್ಲಿ ಹಾರುತ್ತಿದ್ದರೆ ಇವರು ಎಂಬತ್ತರಲ್ಲಿ, ಎರಡೂ ಕೈಯಲ್ಲಿ ಸ್ಟೇರಿಂಗನ್ನು ತುಂಬಿದ ಹಾಲಿನ ಪಾತ್ರೆಯ ಹಾಗೆ ಹಿಡಿದು ಕೂತಿದ್ದರು. ಹಿಂದಿನ ಲಾರಿ ದೀಪ ಮಿನುಗಿಸಿತು. "ಪಾಪ, ಸಲಾಮ್ ಹೇಳ್ತಿದಾನೆ" ಅಂದರು ಖಾಲೂ. ಹೆದ್ದಾರಿ ಬಿಟ್ಟು ಹೊಲದ ನಡುವಿನ ರಸ್ತೆಗೆ ಇಳಿದಾಗ ಒಂದು ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. ಟ್ರ್ಯಾಕ್ಟರಿನವನು ತಿರುಗಿ ಕೈ ಬೀಸಿದ, ಖಾಲೂ ಕೂಡ ಬೀಸಿದರು. ಹಿಂದಿನ ಸೀಟಿನಿಂದ ಖಾಲಾ, "ರೀ, ಆ ಸೈಕಲ್ ಮುದುಕೀನೂ ಹೋಗ್ತಾಳಂತೆ, ಸ್ವಲ್ಪ ದಾರಿ ಬಿಡ್ರಿ" ಅಂದಳು.

ಇಂಥವರಿಗೆ ರ‍್ಯಾಲಿಯ ಹುಚ್ಚು ಹಿಡಿದದ್ದಾದರೂ ಹೇಗೆ? ಇಲ್ಲಿಗೆ ಬರುವ ಮೊದಲು ಇಬ್ಬರೂ ಕೆಲವು ವರ್ಷ ಐರ್ಲೆಂಡಿನ ಒಂದು ಹಳ್ಳಿಯಲ್ಲಿದ್ದರು. ಒಂದು ಶನಿವಾರ ಖಾಲೂ ಮೊಟ್ಟೆ ತರಲು ಹೊರಟರೆ ಮನೆ ಮುಂದಿನ ರಸ್ತೆಯೇ ಬಂದ್. ಊರಿಗೆ ಊರೇ ಬೇಲಿಯ ದಿಬ್ಬದ ಮೇಲೆ ಚಹಾದ ಫ್ಲಾಸ್ಕ್ ಹಿಡಿದು ನಿಂತಿದೆ. ಏನಾಯಿತೆಂದು ಕೇಳುವಷ್ಟರಲ್ಲಿ, ಎರಡು ಎಮ್ಮೆ ಎದುರುಬದುರಾದರೆ ಸಿಕ್ಕಿಕೊಳ್ಳುವಷ್ಟು ಅಗಲದ ಆ ರಸ್ತೆಯಲ್ಲಿ ಒಂದು ಕಾರು ಮಿಂಚಿನ ಹಾಗೆ ಹಾದುಹೋಯಿತು. ಖಾಲೂ ಮನೆಗೆ ಬಂದದ್ದು ಸಂಜೆ. ತಲೆಯಿಂದ ಕಾಲಿನವರೆಗೆ ಕೆಸರು. ಮೊಟ್ಟೆ ಇಲ್ಲ. "ಅವತ್ತಿಂದ ಈ ಮನುಷ್ಯ ನನ್ನ ಕೈಗೆ ಸಿಕ್ಕಿಲ್ಲ" ಎಂದು ಖಾಲಾ ಈಗಲೂ ದೂರುತ್ತಾಳೆ.

ಆಮೇಲೆ ನೆದರ್‌ಲ್ಯಾಂಡ್ಸ್‌ಗೆ ಬಂದರೂ ಈಸ್ಟರ್ ರಜೆ ಬಂತೆಂದರೆ ಹಡಗು ಹತ್ತಿ, ಇಂಗ್ಲೆಂಡ್ ದಾಟಿ, ಇನ್ನೊಂದು ಹಡಗು ಹತ್ತಿ, ಅದೇ ಬೇಲಿಗೆ ಹಾಜರ್! ಖಾಲಾ ಮಾತ್ರ ಕಾರಿನಲ್ಲೇ ಕಿಟಕಿ ಏರಿಸಿ ಕೂತು ಹರಿಹರಕ್ಕೆ, ನನ್ನ ಅಮ್ಮನಿಗೆ ಫೋನು ಮಾಡುತ್ತಿದ್ದಳು. "ಹೌ ಆಪಾ, ಇಲ್ಲೇ ಇದೀನಿ, ಮಳೇಲಿ. ಇವರಾ? ಇವರು ಮುಳ್ಳಿನ ಬೇಲಿ ಒಳಗೆ ನಿಂತಾರೆ. ಸುಖವಾಗಿದಾರೆ."

ನೋಡುವುದು ವರ್ಷಕ್ಕೊಂದು ಸಲವಾದರೆ ಹೇಳುವುದು ವರ್ಷವಿಡೀ. ನ್ಯೂವೆಗೈನ್ ಎಂಬ ಊರಿನಲ್ಲಿರುವ ಮೈಸೂರಿನ ದಂಪತಿ ಮೊದಲ ಸಲ ಟಿಲ್‌ಬರ್ಗ್‌ಗೆ ಊಟಕ್ಕೆ ಬಂದಿದ್ದರು. ಗಂಡ, ಪಾಪ, ಮಾತಿಗೆ ಅಂತ ಕೇಳಿದರು: "ಅಂಕಲ್, ರ‍್ಯಾಲಿ ಅಂದ್ರೆ ಈ ಟೀವೀಲಿ ಬರತ್ತಲ್ಲ, ಟ್ರ್ಯಾಕ್ ಮೇಲೆ ರೌಂಡ್ ಹೊಡೆಯೋ ರೇಸು, ಅದೇನಾ?"

ಖಾಲೂ ಚಮಚ ಕೆಳಗಿಟ್ಟರು. ಮುಖದಲ್ಲಿ ನಿಜವಾದ ನೋವು. "ಅಲ್ಲಪ್ಪಾ. ಅದು ಗಾಣದ ಎತ್ತು. ಇದು ಬೇರೆ. ಮೊದಲಿಂದ ಹೇಳ್ತೀನಿ."

ಮೊದಲಿಂದ ಅಂದರೆ ನಿಜವಾಗಿಯೂ ಮೊದಲಿಂದ! ಆರಂಭದ ದಿನಗಳಲ್ಲಿ ಅದು ವೇಗದ ಪಂದ್ಯವೇ ಅಲ್ಲವಂತೆ. ಸಂತೆಗೆ, ಚರ್ಚಿಗೆ ಹೋಗುವ ತಮ್ಮ ತಮ್ಮ ಕಾರಿನಲ್ಲೇ ಜನ ಊರೂರಿಂದ ಹೊರಟು ಒಂದು ಕಡೆ ಸೇರುತ್ತಿದ್ದರಂತೆ. ಅಲ್ಲಿ ಗೆಲ್ಲುತ್ತಿದ್ದವನು ಕಾರನ್ನು ಹಿಮ್ಮುಖವಾಗಿ ಅಂದವಾಗಿ ನಿಲ್ಲಿಸಿದವನು. "ಪಾರ್ಕಿಂಗಿಂದ ಶುರುವಾದ ರ‍್ಯಾಲಿ ಇದು!" ಎಂದರು ಖಾಲೂ. ಹಾಗೆಂದವರ ಕಾರು ಆ ಹೊತ್ತಿನಲ್ಲಿ ಬೀದಿಯಲ್ಲಿ ಎರಡು ಕಾರಿನ ಜಾಗ ಹಿಡಿದು ಅಡ್ಡ ನಿಂತಿತ್ತು.

ಆಮೇಲೆ ಯುದ್ಧ ಬಂತು, ಪೆಟ್ರೋಲ್ ಇಲ್ಲ, ರ‍್ಯಾಲಿ ನಿಂತಿತು. ಮತ್ತೆ ಶುರುವಾಯಿತು. ಇನ್ನೊಮ್ಮೆ ಎಣ್ಣೆಯ ಅಭಾವ, ಮತ್ತೆ ನಿಂತಿತು. ಮತ್ತೊಮ್ಮೆ ದನಗಳಿಗೆ ಕಾಲುಬಾಯಿ ಜ್ವರ. ಕಾರಿನ ಚಕ್ರಕ್ಕೆ ಅಂಟಿದ ಮಣ್ಣಿನಿಂದ ರೋಗ ಹೊಲದಿಂದ ಹೊಲಕ್ಕೆ ಹರಡೀತೆಂದು ಆ ವರ್ಷವೂ ಇಲ್ಲ. ಮೈಸೂರಿನಾಕೆ ಸೌಜನ್ಯಕ್ಕೆ, "ಮಳೆ ಬಂದ ವರ್ಷ ಏನೋ ಆಯ್ತು ಅಂದ್ರಲ್ಲ ಅಂಕಲ್" ಎಂದರು. "ಮಳೆ ಎಲ್ಲಾ ವರ್ಷ ಬಂತಮ್ಮ. ಆ ವರ್ಷ ಬಂದಿದ್ದು ಆಲಿಕಲ್ಲು" ಎಂದು ಖಾಲೂ ತಿದ್ದಿದರು. ತಪ್ಪು ಅವರ ಕಿವಿಗೆ ಬಿದ್ದರೆ ಮುಗಿಯಿತು. ನಮಾಜಿಗೆ ಹೊರಟವರೂ ಚಪ್ಪಲಿ ಬಿಚ್ಚಿಟ್ಟು ವಾಪಸ್ ಬಂದು ತಿದ್ದಿ ಹೋಗುತ್ತಾರೆ.

ಖಾಲಾ ಅಡುಗೆಮನೆಯಿಂದ ಕೂಗಿದಳು: "ನಿಮ್ಮೂರಿಗೆ ಪೆಟ್ರೋಲ್ ಬಂದಿದ್ರೆ ಊಟ ಮುಗಿಸ್ರಿ! ಬಿರಿಯಾನಿ ಆಲಿಕಲ್ಲಾತು!"

ಹೀಗೆ ನಗುನಗುತ್ತಾ ಇದ್ದಾಗ ಬಂತು ಆ ಎರಡು ಸಾವಿರದ ಇಪ್ಪತ್ತು. ಟಿಲ್‌ಬರ್ಗ್ ಕಡೆ ಕಾರ್ನಿವಲ್ ಹಬ್ಬದಲ್ಲಿ ಜನ ವೇಷ ಹಾಕಿ ಕುಣಿದು ಮನೆಗೆ ಹೋದರೋ ಇಲ್ಲವೋ, ಕೊರೊನಾ ಮೊದಲು ಕಾಲಿಟ್ಟಿದ್ದೇ ಆ ಸೀಮೆಗೆ. ನಮ್ಮ ಪ್ರಯೋಗಾಲಯ ಮುಚ್ಚಿತು. ಲೈಡನ್‌ನ ಕಡಿದಾದ ಮೆಟ್ಟಿಲ ಮನೆಯ ಮೂರನೇ ಮಹಡಿಯಲ್ಲಿ ನಾನೊಬ್ಬಳೇ. ಖಾಲೂ ದಿನಾ ಫೋನು ಮಾಡುತ್ತಿದ್ದರು. ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಖಾಲಿಯಾಗಿ ಜನ ಗಾಬರಿಯಾಗಿದ್ದ ಕಾಲ. ಅವರ ಲಾರಿಗಳು ಹಗಲೂ ರಾತ್ರಿ ಅದನ್ನೇ ಹೊತ್ತು ಓಡುತ್ತಿದ್ದವು. "ಇಡೀ ದೇಶದ ಮಾನ ಈಗ ನನ್ನ ಕೈಲಿದೆ, ಗೊತ್ತಾ?" ಅನ್ನುತ್ತಿದ್ದರು. ಅದೇ ಮಾರ್ಚಿನಲ್ಲಿ ಸರ್ಕಾರ ಹಗಲು ಹೊತ್ತು ಹೆದ್ದಾರಿಯ ವೇಗಮಿತಿಯನ್ನು ನೂರಕ್ಕೆ ಇಳಿಸಿತು. ಅವತ್ತಿನ ಸಂಭ್ರಮ ಕೇಳಬೇಡಿ! "ನೋಡು, ದೇಶ ಕೊನೆಗೂ ನನ್ನ ದಾರಿಗೆ ಬರ್ತಾ ಇದೆ. ಇನ್ನು ಇಪ್ಪತ್ತು ಇಳಿಸಿದ್ರೆ ಸರಿ."

ಒಂದು ದಿನ ಫೋನಿನಲ್ಲಿ ದನಿ ಸಪ್ಪಗಿತ್ತು. "ರ‍್ಯಾಲಿ ಕ್ಯಾನ್ಸಲ್ ಆಯ್ತಮ್ಮಾ" ಎಂದರು. ಸಮಾಧಾನ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಕೆಮ್ಮಿದರು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ವಾರ ಕಳೆಯುವುದರೊಳಗೆ ಅವರು ಆಸ್ಪತ್ರೆಯಲ್ಲಿದ್ದರು. ಖಾಲಾಗೂ ಜ್ವರ. ಅವಳನ್ನು ಆಸ್ಪತ್ರೆಯ ಬಾಗಿಲಿಗೂ ಬಿಡಲಿಲ್ಲ, ಮನೆಯಿಂದ ಹೊರಬರಬೇಡಿ ಎಂದರು. ನಾನು ಹೋಗುವ ಹಾಗಿಲ್ಲ. ಮೈಸೂರಿನ ದಂಪತಿ ನ್ಯೂವೆಗೈನ್‌ನಿಂದ ಸಾರು ಅನ್ನ ತಂದು ಬಾಗಿಲಲ್ಲಿಟ್ಟು, ಗಂಟೆ ಒತ್ತಿ, ರಸ್ತೆಯ ಆಚೆ ಹೋಗಿ ನಿಂತು, ಖಾಲಾ ಕಿಟಕಿಯಲ್ಲಿ ಕೈಯಾಡಿಸಿದ ಮೇಲೆ ಹೊರಡುತ್ತಿದ್ದರಂತೆ. ಆ ಸೀಮೆಯ ಆಸ್ಪತ್ರೆಗಳು ತುಂಬಿ ತುಳುಕಿದವು, ರೋಗಿಗಳನ್ನು ಬೇರೆ ಪ್ರಾಂತ್ಯಗಳಿಗೆ ಸಾಗಿಸತೊಡಗಿದರು. ಖಾಲೂ ಸರದಿ ಬಂದಾಗ ಅವರನ್ನು ಕರೆತಂದದ್ದು ನನ್ನ ಮನೆಯಿಂದ ಸೈಕಲ್ಲಿನಲ್ಲಿ ಹೋಗಬಹುದಾದಷ್ಟು ದೂರದ ಆಸ್ಪತ್ರೆಗೆ. ಅವತ್ತು ಅವರಿಂದ ನನಗೊಂದು ಮೆಸೇಜು ಬಂತು: "ಆಂಬ್ಯುಲೆನ್ಸ್ ನೂರೈವತ್ತರಲ್ಲಿ ಬಂದಿರಬೇಕು. ಮಲಗಿಸಿದ್ರು, ಸ್ಪೀಡೋಮೀಟರ್ ಕಾಣ್ಲಿಲ್ಲ. ಮೋಸ!"

ನಾನು ಒಬ್ಬಳೇ ಜೋರಾಗಿ ನಕ್ಕೆ. ಅದೇ ಸಂಜೆ ಅವರನ್ನು ನಿದ್ರೆಗೆ ಹಾಕಿ ಉಸಿರಾಟದ ಯಂತ್ರಕ್ಕೆ ಜೋಡಿಸಿದರು.

ಮರುದಿನದಿಂದ ನಾನು ಸೈಕಲ್ ತುಳಿದು ಆಸ್ಪತ್ರೆಯ ಹೊರಗಿನ ಹುಲ್ಲುಹಾಸಿನವರೆಗೆ ಹೋಗುತ್ತಿದ್ದೆ. ಮೇಲೆ ಎಷ್ಟೊಂದು ಕಿಟಕಿಗಳು! ಅವರದು ಯಾವುದೆಂದು ಯಾರು ಹೇಳಬೇಕು? ಒಂದು ಕಿಟಕಿಯನ್ನು ನಾನೇ ಆರಿಸಿಕೊಂಡು, ಅದನ್ನೇ ನೋಡಿ ಬರುತ್ತಿದ್ದೆ.

ಸಂಜೆ ಹೊತ್ತು ನರ್ಸ್ ಒಬ್ಬಾಕೆ ಟ್ಯಾಬ್ಲೆಟ್ಟಿನಲ್ಲಿ ವಿಡಿಯೋ ಕರೆ ಮಾಡುತ್ತಿದ್ದಳು. ಒಂದು ಚೌಕದಲ್ಲಿ ಟಿಲ್‌ಬರ್ಗ್‌ನಿಂದ ಖಾಲಾ, ಇನ್ನೊಂದರಲ್ಲಿ ನಾನು, ಮೂರನೆಯದರಲ್ಲಿ ಕೊಳವೆಗಳ ನಡುವೆ ಖಾಲೂ ಮುಖ. "ಮಾತಾಡಿ. ಕೇಳಿಸಲೂಬಹುದು" ಎಂದಳು ನರ್ಸ್, ಇಂಗ್ಲಿಷಿನಲ್ಲಿ. ಮೊದಲ ದಿನ ಖಾಲಾ ಕರೆ ಮುಗಿಯುವವರೆಗೂ ಬಾಯಿಗೆ ಸೆರಗು ಒತ್ತಿಕೊಂಡೇ ಕೂತಳು. ಎರಡನೆಯ ದಿನ, ಕರೆಗೆ ಮೊದಲು ನಾನು ಅಂಜುತ್ತಲೇ ಕೇಳಿದೆ: ಇಂಥ ಹೊತ್ತಿನಲ್ಲಿ ಮಂಚದ ಪಕ್ಕ ಓದುವ ಕುರಾನಿನ ಸೂರಾ ಇದೆಯಲ್ಲ, ಅದನ್ನು ಓದುತ್ತೀಯಾ?

"ನಕ್ಕೋ!" ಎಂದಳು. ಬೇಡ ಅನ್ನುವುದನ್ನು ಅಷ್ಟು ಗಟ್ಟಿಯಾಗಿ ಅವಳ ಬಾಯಲ್ಲಿ ಕೇಳಿದ್ದಿಲ್ಲ. "ಅದು ಹೋಗೋರಿಗೆ ಓದೋದು. ನಾನು ಓದಲ್ಲ. ದುವಾ ನಾನು ನಮಾಜಲ್ಲಿ ಮಾಡ್ಕೊತೀನಿ."

ಕರೆ ಬಂತು. ಖಾಲಾ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

"ಏನ್ರೀ, ಕೇಳ್ರಿ ಇಲ್ಲಿ. ಯುದ್ಧ ಬಂತು. ಪೆಟ್ರೋಲ್ ಸಿಗಲಿಲ್ಲ. ರ‍್ಯಾಲಿ ನಿಂತೋತು. ಎಲ್ರೂ ಅಂದ್ರು, ಇನ್ನು ಮುಗೀತು ಇದರ ಕತೆ ಅಂತ. ಮುಗೀತಾ? ಕೊಟ್ಟಿಗೇಲಿ ಹುಲ್ಲಿನ ಕೆಳಗೆ ಮುಚ್ಚಿಟ್ಟಿದ್ದ ಕಾರು ಎಳೆದು, ಧೂಳು ಒರೆಸಿ, ಮತ್ತೆ ಹೊಂಟ್ರು. ಆಮೇಲೆ ಎಣ್ಣೆ ಬರ ಬಂತು. ಮತ್ತೆ ನಿಂತೋತು. ಮತ್ತೆ ಹೊಂಟ್ರೋ ಇಲ್ಲೋ? ಆಮೇಲೆ ದನಕ್ಕೆ ಕಾಲುಬಾಯಿ ಬಂತಲ್ಲ, ನಾವೂ ಅಲ್ಲೇ ಇದ್ವಲ್ಲ, ಬೇಲಿ ಹತ್ರ ಒಂದು ನರಪಿಳ್ಳೆ ಇರಲಿಲ್ಲ, ನೀವು ಮೂರು ದಿನ ಅನ್ನ ಬಿಟ್ರಿ. ಮುಂದಿನ ವರ್ಷ ಏನಾತು? ಬಂದ್ರಲ್ಲ ಎಲ್ಲಾ!"

ನಾನು ದಂಗಾಗಿದ್ದೆ. ಕಾರಿನ ಕಿಟಕಿ ಏರಿಸಿ ಕೂರುತ್ತಿದ್ದವಳು! ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿ ಮಾತು ತಡೆಯುತ್ತಿದ್ದವಳು! ತಿರುವುಗಳ ಹೆಸರು, ಯಾವನ ಕಾರಿನ ಬಾಗಿಲು ಎಲ್ಲಿ ಕಳಚಿ ಬಿತ್ತು, ಯಾವ ಚರ್ಚಿನ ಪಾದ್ರಿ ಬೇಲಿ ಹಾರಿ ಜೀವ ಉಳಿಸಿಕೊಂಡ, ಒಂದನ್ನೂ ಬಿಡದೆ ದಿನಾ ಹೇಳಿದಳು. ಆ ಕಡೆಯಿಂದ ಯಂತ್ರದ ಉಸಿರು ಮಾತ್ರ.

ಒಂದು ಸಂಜೆ ಕರೆ ಮುಗಿಯುವ ಮುಂಚೆ ನರ್ಸ್ ನನ್ನನ್ನು ಕೇಳಿದಳು. ಮುಖವೆಲ್ಲ ಮುಚ್ಚಿತ್ತು, ಕನ್ನಡಕದ ಹಿಂದೆ ಕಣ್ಣಷ್ಟೇ ಕಾಣುತ್ತಿತ್ತು. "ನಿಮ್ಮ ಚಿಕ್ಕಮ್ಮ ದಿನಾ ಹೇಳುವ ಪ್ರಾರ್ಥನೆ ತುಂಬ ಚೆನ್ನಾಗಿದೆ. ಅದು ಬಹಳ ಹಳೆಯದೇ?"

ನಾನು ಖಾಲಾಗೆ ಕನ್ನಡದಲ್ಲಿ ಹೇಳಿದೆ. "ಹೌದು ಅನ್ನು" ಎಂದಳು. "ಐರ್ಲೆಂಡಿಂದು ಅಂತ ಮಾತ್ರ ಹೇಳ್ಬೇಡ."

ಖಾಲೂ ಎಚ್ಚರಗೊಂಡದ್ದು ರಂಜಾನ್ ಶುರುವಾದ ಮೇಲೆ. ನಡೆಯುವುದನ್ನು, ನುಂಗುವುದನ್ನು, ಮೆಟ್ಟಿಲು ಹತ್ತುವುದನ್ನು ಮೊದಲಿಂದ ಕಲಿಯಬೇಕಾಯಿತು. ಮನೆಗೆ ಬಂದಾಗ ಅಂಗಿಯೊಳಗೆ ಅವರು ಇದ್ದಾರೋ ಇಲ್ಲವೋ ಅನ್ನುವ ಹಾಗಿದ್ದರು. ಆ ನಿದ್ರೆಯಲ್ಲಿ ಏನಾದರೂ ಕೇಳಿಸಿತೇ ಎಂದು ನಾನು ಕೇಳಿದೆ. "ಏನೂ ಇಲ್ಲಮ್ಮಾ. ಬರೀ ಕತ್ತಲೆ" ಎಂದರು. ಖಾಲಾ ಕೂಡ ತಾನು ದಿನಾ ಹೇಳಿದ ಕತೆಯ ಮಾತೆತ್ತಲಿಲ್ಲ. ನನಗೂ ಹೇಳಬೇಡ ಎಂದು ಕಣ್ಣಲ್ಲೇ ಗದರಿದಳು.

ಬೇಸಿಗೆಯಲ್ಲಿ ನಿರ್ಬಂಧ ಸಡಿಲವಾದಾಗ ಮೈಸೂರಿನ ದಂಪತಿಯೂ ನಾನೂ ಟಿಲ್‌ಬರ್ಗ್‌ಗೆ ಹೋದೆವು. ಹಿತ್ತಿಲಿನಲ್ಲಿ ದೂರದೂರ ಕುರ್ಚಿ ಹಾಕಿ ಕೂತೆವು. ಮೈಸೂರಿನವರು ಪ್ರೀತಿಯಿಂದಲೇ ಕೇಳಿದರು: "ಅಂಕಲ್, ಅವತ್ತು ಕತೆ ಅರ್ಧಕ್ಕೆ ನಿಂತಿತ್ತು. ಮುಂದೇನಾಯ್ತು?"

ಖಾಲೂ ಮುಖ ಅರಳಿತು. ಶುರುಮಾಡಿದರು. ನಾಲ್ಕನೇ ವಾಕ್ಯಕ್ಕೆ ಉಸಿರು ಸಾಲಲಿಲ್ಲ. ಕೈ ಎತ್ತಿದರು, ನಿಲ್ಲಿಸಿದರು, ಮತ್ತೆ ಬಾಯಿ ತೆರೆದರು. ಮಾತು ಬರಲಿಲ್ಲ. ನಾವೆಲ್ಲ ಎಲ್ಲಿ ನೋಡಬೇಕೆಂದು ತಿಳಿಯದೆ ಹುಲ್ಲು ನೋಡಿದೆವು.

ಆಗ ಚಹಾದ ತಟ್ಟೆ ಹಿಡಿದು ಬಂದ ಖಾಲಾ, ಕಪ್ಪುಗಳನ್ನು ಹಂಚುತ್ತಲೇ, ಅವರು ಬಿಟ್ಟಲ್ಲಿಂದ ಎತ್ತಿಕೊಂಡಳು. ಮಂಜು ಕವಿದ ಆ ಬೆಳಿಗ್ಗೆ, ಜಾರುವ ರಸ್ತೆ, ಕೊನೆಯ ಹಂತದಲ್ಲಿ ಬೇಕರಿಯವನಿಗೂ ದನದ ಡಾಕ್ಟರಿಗೂ ನಡುವೆ ಬಿದ್ದ ಜಿದ್ದು. ಖಾಲೂ ಕಪ್ಪನ್ನು ಕೈಯಲ್ಲೇ ಹಿಡಿದು ಹೆಂಡತಿಯನ್ನು ನೋಡುತ್ತಾ ಕೂತುಬಿಟ್ಟರು. ಇಷ್ಟು ವರ್ಷ ಜೊತೆಗಿದ್ದವಳನ್ನು ಅವರು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಕೊನೇಗೆ ಗೆದ್ದೋನು ಯಾರು ಅಂತೀರಿ? ದನದ ಡಾಕ್ಟ್ರು!" ಎಂದು ಖಾಲಾ ಮುಗಿಸಿದಳು.

ನಾನು ಎಷ್ಟು ಸಲ ಕೇಳಿದ್ದೇನೋ ಆ ವರ್ಷದ ಕತೆ! ದನದ ಡಾಕ್ಟರ್ ಕೊನೆಯ ತಿರುವಿನಲ್ಲಿ ಕಾರು ಸಮೇತ ಹಳ್ಳಕ್ಕೆ ಬಿದ್ದಿದ್ದ. ಗೆದ್ದವನು ಬೇಕರಿಯವನು. ಖಾಲೂ ಈಗ ತಿದ್ದುತ್ತಾರೆಂದು ಕಾದೆ. ಅವರು ತಿದ್ದಲಿಲ್ಲ. ಕುರ್ಚಿಯನ್ನು ಅವರ ಕಡೆ ಎಳೆದುಕೊಂಡು ಮೆಲ್ಲಗೆ, "ಖಾಲೂ, ಅದು ಬೇಕರಿಯವನಲ್ವಾ?" ಎಂದೆ.

ಅವರು ಖಾಲಾಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಉಸಿರು ಕೂಡಿಸಿಕೊಂಡರು.

"ಸುಮ್ನಿರು" ಎಂದರು. "ಇನ್ನು ಮೇಲೆ ಆ ವರ್ಷ ಡಾಕ್ಟ್ರೇ ಗೆದ್ದಿದ್ದು."